ಉದ್ರಿಗೊಂದು ವಾಯಿದೆ ಇರಲಿ

ಸಂಶಿ, ಕುಂದಗೋಳ ಭಾಗದ ಸಣ್ಣ ಅಂಗಡಿಗಳ ವ್ಯಾಪಾರ ನಡೆಯುವುದೇ ಉದ್ರಿಯ ಮೇಲೆ. ಆ ಉದ್ರಿ ಹೊತ್ತಿಗೆ ಸರಿಯಾಗಿ ಮರಳದಿದ್ದರೆ ಅಂಗಡಿಯ ಜೊತೆಗೆ ಊರಿನ ಆಸರೆಯೂ ಹೋಗುತ್ತದೆ.

ಮೃಗಶಿರಾ ಮಳೆ ಹದವಾಗಿ ಬಿದ್ದ ಮರುದಿನ ಬೆಳಿಗ್ಗೆ ಸಂಶಿಯಂಥ ಊರಿನ ಗೊಬ್ಬರದ ಅಂಗಡಿಯ ಮುಂದೆ ನಿಂತು ನೋಡಬೇಕು. ಬಾಗಿಲು ತೆಗೆಯುವ ಮೊದಲೇ ಟ್ರ್ಯಾಕ್ಟರ್, ಚಕ್ಕಡಿ, ಬೈಕುಗಳು ಸಾಲುಗಟ್ಟಿರುತ್ತವೆ. ಎರೆ ಹೊಲದ ಹದ ಯಾರಿಗೂ ಕಾಯುವುದಿಲ್ಲ, ಅದು ಆರುವುದರೊಳಗೆ ಬಿತ್ತಬೇಕು. ಹೆಸರಿನ ಬೀಜದ ಪೊಟ್ಟಣ, ಡಿಎಪಿ ಚೀಲ, ಬೀಜಕ್ಕೆ ಹಚ್ಚುವ ಔಷಧ ಒಂದೊಂದಾಗಿ ಗಾಡಿ ಏರುತ್ತವೆ. ರೊಕ್ಕದ ಮಾತು ಬರುವುದು ಎಲ್ಲಕ್ಕಿಂತ ಕೊನೆಗೆ. "ಬರ್ಕೋರಿ ಸಾವಕಾರ್ರ, ಹೆಸರು ಬಂದ ಮ್ಯಾಲೆ ಕೊಡ್ತೇನಿ." ಸಾವಕಾರ ಬರೆದುಕೊಳ್ಳುತ್ತಾನೆ. ಬಡ್ಡಿಯ ಮಾತಿಲ್ಲ, ಸಾಕ್ಷಿ ಇಲ್ಲ, ಸಹಿ ಇಲ್ಲ. ಎಷ್ಟೋ ಸಲ ತಾರೀಖೂ ಇಲ್ಲ.

ಹುಬ್ಬಳ್ಳಿಯಿಂದ ದಾವಣಗೆರೆ ಕಡೆಗೆ ಹೋಗುವ ರೈಲು ಹಾದಿಯಲ್ಲಿ ಕುಂದಗೋಳಕ್ಕೂ ಗುಡಗೇರಿಗೂ ನಡುವೆ ಬರುವ ಊರು ಸಂಶಿ. ಸುತ್ತಲೂ ಮಳೆಯನ್ನೇ ನಂಬಿದ ಕಪ್ಪು ನೆಲ. ಹೆಸರು, ಶೇಂಗಾ, ಹತ್ತಿ, ಉಳ್ಳಾಗಡ್ಡಿ, ಮೆಣಸಿನಕಾಯಿ, ಹಿಂಗಾರಿಗೆ ಕಡಲೆ, ಜೋಳ. ಇಂಥ ನೆಲದಲ್ಲಿ ಉದ್ರಿ ಹುಟ್ಟಿದ್ದು ಯಾರ ಸೋಮಾರಿತನದಿಂದಲೂ ಅಲ್ಲ. ಖರ್ಚು ಜೂನ್ ತಿಂಗಳಲ್ಲಿ, ಆದಾಯ ಜನವರಿಯಲ್ಲಿ ಎಂದಾದಾಗ ನಡುವಿನ ಏಳು ತಿಂಗಳನ್ನು ಯಾರಾದರೂ ಹೊರಲೇಬೇಕು. ಬ್ಯಾಂಕು ಒಂದಿಷ್ಟು ಹೊರುತ್ತದೆ, ಸೊಸೈಟಿ ಒಂದಿಷ್ಟು ಹೊರುತ್ತದೆ. ಉಳಿದದ್ದನ್ನು ಸದ್ದಿಲ್ಲದೆ ಹೊರುವವರು ಊರಿನ ಕಿರಾಣಿ ಅಂಗಡಿಯವರು, ಗೊಬ್ಬರದವರು, ಗಿರಣಿಯವರು, ಕೂರಿಗೆ ಕುಂಟೆ ರಿಪೇರಿ ಮಾಡುವ ವೆಲ್ಡಿಂಗ್ ಅಂಗಡಿಯವರು, ಬಾಡಿಗೆಗೆ ಟ್ರ್ಯಾಕ್ಟರ್ ಹೊಡೆಯುವವರು.

ಹೊಲದ ಲೆಕ್ಕ ಬೇರೆ, ಅಂಗಡಿಯ ಲೆಕ್ಕ ಬೇರೆ

ಹೊಲಕ್ಕೆ ತನ್ನದೇ ಕಾಲವಿದೆ. ಹೆಸರು ಬೇಗ ಬರುವ ಬೆಳೆ. ಜೂನ್‌ನಲ್ಲಿ ಬಿತ್ತಿದರೆ ಆಗಸ್ಟ್ ಕೊನೆಗೆ ರಾಶಿ. ಮುಂಗಾರಿನಲ್ಲಿ ಹಾಕಿದ ಮೆಣಸಿನಕಾಯಿ ಬಿಡಿಸುವ ಹೊತ್ತಿಗೆ ಡಿಸೆಂಬರ್, ಜನವರಿ. ಅದನ್ನು ಒಣಗಿಸಿ ಬ್ಯಾಡಗಿಗೋ ಹುಬ್ಬಳ್ಳಿಗೋ ಒಯ್ದು ಮಾರಿ ರೊಕ್ಕ ಕೈಗೆ ಬರಲು ಇನ್ನಷ್ಟು ದಿನ ಬೇಕು. ಕಡಲೆಯ ರೊಕ್ಕ ಯುಗಾದಿಯ ಆಸುಪಾಸಿನದು.

ಅಂಗಡಿಯವನ ಕಾಲ ಹೀಗೆ ನಿಧಾನವಾಗಿ ನಡೆಯುವುದಿಲ್ಲ. ಹುಬ್ಬಳ್ಳಿಯ ಹೋಲ್‌ಸೇಲ್ ವ್ಯಾಪಾರಿ ಅವನಿಗೆ ಕೊಡುವುದು ದಿನಗಳ ವಾಯಿದೆ. ಅದು ಮೀರಿದರೆ ಮುಂದಿನ ಲೋಡು ಬರುವುದಿಲ್ಲ. ತೆರಿಗೆಯೂ ಕಾಯುವುದಿಲ್ಲ. ಜಿಎಸ್‌ಟಿ ನೋಂದಣಿ ಇರುವ ಅಂಗಡಿಯವನು ಪಟ್ಟಿ ಹರಿದ ತಿಂಗಳ ಲೆಕ್ಕದಲ್ಲೇ ತೆರಿಗೆ ಕಟ್ಟಬೇಕು. ಗಿರಾಕಿ ರೊಕ್ಕ ಕೊಟ್ಟನೋ ಇಲ್ಲವೋ ಎಂದು ಕಾನೂನು ಕೇಳುವುದಿಲ್ಲ. ಇನ್ನೊಂದು ನಿಯಮವೂ ಇದೆ. ಸಗಟು ವ್ಯಾಪಾರಿಯ ಪಟ್ಟಿಯನ್ನು 180 ದಿನದೊಳಗೆ ಚುಕ್ತಾ ಮಾಡದಿದ್ದರೆ, ಆ ಖರೀದಿಯ ಮೇಲೆ ಪಡೆದ ತೆರಿಗೆ ಜಮೆಯನ್ನು ಬಡ್ಡಿಸಮೇತ ಮರಳಿಸಬೇಕು. ಜೂನ್ ತಿಂಗಳ ಔಷಧದ ಪಟ್ಟಿಗೆ 180 ದಿನ ತುಂಬುವುದು ಡಿಸೆಂಬರ್‌ನಲ್ಲಿ. ಆಗ ಮೆಣಸಿನಕಾಯಿ ಇನ್ನೂ ಗಿಡದಲ್ಲೇ ಕೆಂಪಾಗುತ್ತಿರುತ್ತದೆ.

ಟ್ರ್ಯಾಕ್ಟರ್ ಮಾಲೀಕನ ಪಾಡು ಇದಕ್ಕಿಂತ ಬಿಗಿ. ಬಂಕಿನಲ್ಲಿ ಡೀಸೆಲ್ಲಿಗೆ ಉದ್ರಿ ನಡೆಯುವುದಿಲ್ಲ. ರೋಖ ಕೊಟ್ಟು ಹಾಕಿಸಿದ ಎಣ್ಣೆಯಲ್ಲಿ ಇನ್ನೊಬ್ಬರ ಹೊಲ ಹೊಡೆದು, ಬಾಡಿಗೆಗಾಗಿ ಸುಗ್ಗಿಯವರೆಗೆ ಕಾಯಬೇಕು. ನಡುವೆ ಟ್ರ್ಯಾಕ್ಟರ್ ಸಾಲದ ಕಂತು ತಪ್ಪದೆ ಬರುತ್ತದೆ.

ತಡವಾದದ್ದು ಎಲ್ಲಿಂದ?

ಬಾಕಿ ಉಳಿಸಿಕೊಂಡವನನ್ನು ಬೈಯುವುದು ಸುಲಭ. ಆದರೆ ಅವನ ಕೈಗೆ ಬರಬೇಕಾದ ರೊಕ್ಕ ಎಲ್ಲಿ ನಿಂತಿದೆ ಎಂದು ಹುಡುಕುತ್ತ ಹೋದರೆ ಹಾದಿ ಬಹಳ ದೂರ ಹೋಗುತ್ತದೆ. 2023ರಲ್ಲಿ ಮಳೆ ಕೈಕೊಟ್ಟಿತು. ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವಾದವು. ಆ ವರ್ಷ ಬಿತ್ತನೆಗೆಂದು ಬರೆಸಿದ ಉದ್ರಿ ಎಷ್ಟೋ ಪುಸ್ತಕಗಳಲ್ಲಿ ಮುಂದಿನ ವರ್ಷಕ್ಕೆ ದಾಟಿತು. 2024ರ ಮಾರ್ಚ್ 11ರಂದು ಬ್ಯಾಡಗಿಯಲ್ಲಿ ಮೆಣಸಿನಕಾಯಿ ದರ ಕುಸಿದಾಗ ರೈತರ ಸಿಟ್ಟು ಮಾರುಕಟ್ಟೆಯ ಅಂಗಳದಲ್ಲಿ ವಾಹನಗಳಿಗೆ ಬೆಂಕಿ ಬೀಳುವವರೆಗೆ ಹೋಯಿತು. ಅಂಥ ದಿನ ಬ್ಯಾಡಗಿಯಲ್ಲಿ ಬಿದ್ದ ದರದ ಪೆಟ್ಟು ವಾರ ಕಳೆಯುವುದರೊಳಗೆ ಹಳ್ಳಿಯ ಕಿರಾಣಿ ಅಂಗಡಿಗೂ ತಾಗುತ್ತದೆ.

ಹೆಸರಿನ ಕಥೆಯೂ ಹೀಗೆಯೇ. 2025-26ಕ್ಕೆ ಕೇಂದ್ರ ಸರ್ಕಾರ ಗೊತ್ತುಮಾಡಿದ ಬೆಂಬಲ ಬೆಲೆ ಕ್ವಿಂಟಲ್‌ಗೆ 8,768 ರೂಪಾಯಿ. ಆದರೆ ಖರೀದಿ ಕೇಂದ್ರ ತೆರೆದು, ನೋಂದಣಿ ಮಾಡಿಸಿ, ಮಾಲು ಹಾಕಿ, ರೊಕ್ಕ ಖಾತೆಗೆ ಬರುವವರೆಗೆ ತಡೆಯುವ ಶಕ್ತಿ ಬಾಕಿ ಹೊತ್ತ ರೈತನಿಗೆ ಇರುವುದಿಲ್ಲ. ಹಿಂಗಾರಿಗೆ ಬೀಜ ಬೇಕು, ಹಳೇ ಬಾಕಿ ತೀರದೆ ಹೊಸ ಉದ್ರಿ ಇಲ್ಲ. ಅವನು ಸಿಕ್ಕ ದರಕ್ಕೆ ಮಾರಿ ಬರುತ್ತಾನೆ. ಬಾಕಿ ಅರ್ಧ ತೀರುತ್ತದೆ, ಅರ್ಧ ಉಳಿಯುತ್ತದೆ.

ಕಿರಾಣಿ ಅಂಗಡಿಯ ಪುಸ್ತಕದಲ್ಲಿ ಈಗ ಮನೆಯೊಡತಿಯ ಖಾತೆಯ ಲೆಕ್ಕವೂ ಸೇರಿದೆ. 2023ರ ಆಗಸ್ಟ್‌ನಲ್ಲಿ ಶುರುವಾದ ರಾಜ್ಯ ಸರ್ಕಾರದ ಗೃಹಲಕ್ಷ್ಮಿ ಯೋಜನೆಯ 2,000 ರೂಪಾಯಿ ಜಮೆಯಾದ ದಿನ ಎಣ್ಣೆ, ಬೇಳೆ, ಚಹಾಪುಡಿಯ ಬಾಕಿ ತೀರಿಸಲು ಹೆಣ್ಣುಮಕ್ಕಳು ಅಂಗಡಿಗೆ ಬರುತ್ತಾರೆ. ಕಂತು ತಡವಾದ ತಿಂಗಳು "ರೊಕ್ಕ ಇನ್ನೂ ಬಿದ್ದಿಲ್ರೀ ಅಣ್ಣಾರ" ಎನ್ನುತ್ತಾರೆ. ಬೆಂಗಳೂರಿನಲ್ಲಿ ಒಂದು ಕಡತ ತಡವಾದರೆ ಅದರ ಭಾರ ಬೀಳುವುದು ಸಂಶಿಯ ಕಿರಾಣಿ ಅಂಗಡಿಯವನ ಹೆಗಲ ಮೇಲೆ.

ಬಂದ ಅಲ್ಪಸ್ವಲ್ಪ ರೊಕ್ಕವೂ ಮೊದಲು ಅಂಗಡಿಗೆ ಹೋಗುವುದಿಲ್ಲ. ಸಂಘದ ವಾರದ ಕಂತು, ಫೈನಾನ್ಸಿನವರ ಕಂತು ಮುಂದೆ ನಿಂತಿರುತ್ತವೆ. ಕಂತು ತಪ್ಪಿದರೆ ಮನೆ ಬಾಗಿಲಿಗೆ ಬಂದು ಕೂರುತ್ತಾರೆಂಬ ಅಂಜಿಕೆ. ಆ ಹಾವಳಿ ಎಷ್ಟು ಬೆಳೆಯಿತೆಂದರೆ 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಕಿರುಸಾಲದ ಬಲವಂತದ ವಸೂಲಿ ತಡೆಯಲು ಸುಗ್ರೀವಾಜ್ಞೆ ತರಬೇಕಾಯಿತು. ಜೋರು ಮಾಡುವವನಿಗೆ ಮೊದಲು, ಸುಮ್ಮನಿರುವವನಿಗೆ ಕೊನೆಗೆ ಎನ್ನುವುದು ಬಾಕಿ ತೀರಿಸುವ ಕ್ರಮವಾಗಿಬಿಟ್ಟಿದೆ. ಊರಿನ ಅಂಗಡಿಯವನು ಸುಮ್ಮನಿರುವವನು. ನಾಳೆ ಅದೇ ಓಣಿಯ ಮದುವೆಗೆ ಅವನು ಹೋಗಬೇಕು, ಅದೇ ಜಾತ್ರೆಯಲ್ಲಿ ತೇರು ಎಳೆಯಬೇಕು. ಅವನು ಎಷ್ಟೆಂದು ಜೋರು ಮಾಡಿಯಾನು?

ಐದು ಸಾವಿರ ಮುಳುಗಿದರೆ

"ಅಂಗಡಿಯವನಿಗೇನು, ಲಾಭದಾಗ ಸ್ವಲ್ಪ ಕಡಿಮಿ ಆಗತೈತಿ" ಎನ್ನುವವರಿದ್ದಾರೆ. ಲೆಕ್ಕ ಹಾಗಿಲ್ಲ. ನೂರು ರೂಪಾಯಿ ವ್ಯಾಪಾರದಲ್ಲಿ ಹತ್ತು ರೂಪಾಯಿ ಉಳಿಯುತ್ತದೆ ಎಂದುಕೊಂಡರೂ, ಒಬ್ಬ ಗಿರಾಕಿಯ 5,000 ರೂಪಾಯಿ ಮುಳುಗಿದರೆ ಅದನ್ನು ತುಂಬಿಕೊಳ್ಳಲು 50,000 ರೂಪಾಯಿಯ ಹೊಸ ವ್ಯಾಪಾರ ಬೇಕು. ರೊಕ್ಕ ಮುಳುಗದೆ ಬರೀ ತಡವಾದರೂ ಪೆಟ್ಟೇ. ಎರಡು ಲಕ್ಷ ರೂಪಾಯಿ ಉದ್ರಿ ಹೊರಗಿದ್ದು, ಆ ಬಂಡವಾಳಕ್ಕೆ ಅಂಗಡಿಯವನು ವರ್ಷಕ್ಕೆ ನೂರಕ್ಕೆ 12ರಂತೆ ಬಡ್ಡಿ ಕಟ್ಟುತ್ತಿದ್ದರೆ ತಿಂಗಳಿಗೆ 2,000 ರೂಪಾಯಿ ಹೋಗುತ್ತದೆ. ಡಿಎಪಿಯ 50 ಕಿಲೋ ಚೀಲ 1,350 ರೂಪಾಯಿ ಎಂದು ಚೀಲದ ಮೇಲೆಯೇ ಅಚ್ಚಾಗಿರುತ್ತದೆ. ಆರು ತಿಂಗಳು ಕಾದೆನೆಂದು ಅವನು ಅದರ ಮೇಲೆ ಒಂದು ರೂಪಾಯಿಯನ್ನೂ ಹೆಚ್ಚು ಪಡೆಯುವಂತಿಲ್ಲ.

ಅಂಗಡಿಯವನಿಗೆ ರೊಕ್ಕಕ್ಕಿಂತ ಹೆಚ್ಚು ನೋವು ಕೊಡುವ ಸಂಗತಿ ಇನ್ನೊಂದಿದೆ. ಬಾಕಿ ಉಳಿಸಿಕೊಂಡ ಗಿರಾಕಿ ಮೊದಲು ಅಂಗಡಿಗೆ ಬರುವುದು ಬಿಡುತ್ತಾನೆ. ಆಮೇಲೆ ಆ ಓಣಿಯಲ್ಲಿ ಹಾಯುವುದನ್ನೇ ಬಿಡುತ್ತಾನೆ. ರೋಖ ಕೊಟ್ಟು ಕೊಳ್ಳುವ ದಿನ ಬೇರೆ ಅಂಗಡಿಗೆ ಹೋಗುತ್ತಾನೆ. ಹೀಗೆ ಅಂಗಡಿಯವನು ರೊಕ್ಕವನ್ನೂ ಗಿರಾಕಿಯನ್ನೂ ಒಟ್ಟಿಗೆ ಕಳೆದುಕೊಳ್ಳುತ್ತಾನೆ, ಜೊತೆಗೆ ಇಪ್ಪತ್ತು ವರ್ಷದ ನಂಟನ್ನೂ. ಕೊಟ್ಟವನು ಕೋಡಂಗಿ, ಇಸಗೊಂಡವನು ಈರಭದ್ರ ಎಂಬ ಗಾದೆ ಇಂಥ ನೋವಿನಿಂದಲೇ ಹುಟ್ಟಿರಬೇಕು.

ಸುಪಾದಲ್ಲಿ ಸುಟ್ಟ ಪುಸ್ತಕಗಳು

ನಾಣ್ಯಕ್ಕೆ ಇನ್ನೊಂದು ಮುಖವೂ ಇದೆ. ಲೆಕ್ಕ ಬರೆಯುವವನಿಂದಲೂ ಮೋಸ ಆಗಬಹುದು. 1875ರ ಮೇ 12ರಂದು ಪುಣೆ ಜಿಲ್ಲೆಯ ಸುಪಾ ಎಂಬ ಸಂತೆಯ ಊರಿನಲ್ಲಿ ಸುತ್ತಲಿನ ಹಳ್ಳಿಗಳ ರೈತರು ಸೇರಿ ಅಂಗಡಿಕಾರರ, ಸಾಹುಕಾರರ ಮೇಲೆ ಏರಿಹೋದರು. ಲೆಕ್ಕದ ಪುಸ್ತಕಗಳನ್ನು ಹುಡುಕಿ ಸುಟ್ಟರು. ಸಾಲದ ಪತ್ರ ಮೂರು ವರ್ಷ ಮಾತ್ರ ಊರ್ಜಿತ ಎಂದು 1859ರ ಕಾಯ್ದೆ ಹೇಳಿತ್ತು. ರೈತನ ರಕ್ಷಣೆಗೆಂದು ಬಂದ ಆ ಗಡಿಯನ್ನು ಸಾಹುಕಾರರು ತಿರುಚಿ, ಮೂರು ವರ್ಷಕ್ಕೊಮ್ಮೆ ಬಡ್ಡಿಯನ್ನು ಅಸಲಿಗೆ ಸೇರಿಸಿ ಹೊಸ ಪತ್ರ ಬರೆಸಿಕೊಂಡರು. ಓದು ಬಾರದ ರೈತನಿಗೆ ತನ್ನ ಹೆಸರಿನಲ್ಲಿ ಏನು ಬರೆದಿದೆ ಎಂದೇ ತಿಳಿಯುತ್ತಿರಲಿಲ್ಲ. ದಂಗೆಯ ಬೆನ್ನಿಗೆ 1879ರಲ್ಲಿ ದಖ್ಖನ್ ರೈತರ ಪರಿಹಾರ ಕಾಯ್ದೆ ಬಂತು.

ಇಂದಿನ ಸಂಶಿಯ ಅಂಗಡಿಯವನು ಅಂದಿನ ಸಾಹುಕಾರನಲ್ಲ. ಆದರೂ ಆ ಬೆಂಕಿಯಿಂದ ಕಲಿಯುವುದಿದೆ. ಒಬ್ಬನ ಕೈಯಲ್ಲಷ್ಟೇ ಇರುವ ಪುಸ್ತಕ ಜಗಳಕ್ಕೆ ಬೀಜ. "ನಾನು ಎರಡು ಚೀಲ ಒಯ್ದಿದ್ದೆ", "ಇಲ್ಲ, ಮೂರು ಬರದೈತಿ" ಎಂಬ ಮಾತು ಈಗಲೂ ಅಂಗಡಿಗಳ ಮುಂದೆ ಕೇಳುತ್ತದೆ. ಗಿರಾಕಿಯ ಕೈಯಲ್ಲೂ ಒಂದು ಸಣ್ಣ ಲೆಕ್ಕದ ಪುಸ್ತಕ ಇರಬೇಕು, ಸಾಮಾನು ಒಯ್ದಾಗಲೆಲ್ಲ ಎರಡೂ ಪುಸ್ತಕಗಳಲ್ಲಿ ಒಂದೇ ಅಂಕಿ ಬೀಳಬೇಕು. ಹಿಂದಿನ ಕಿರಾಣಿ ಅಂಗಡಿಗಳಲ್ಲಿ ಈ ರೂಢಿ ಇತ್ತು. ಈಗ ಅದೇ ಕೆಲಸವನ್ನು ಮೊಬೈಲಿನ ಖಾತೆ ಆ್ಯಪ್‌ಗಳು ಮಾಡುತ್ತವೆ. ಬರೆದ ತಕ್ಷಣ ಗಿರಾಕಿಯ ಫೋನಿಗೂ ಸಂದೇಶ ಹೋಗುತ್ತದೆ. ಪುಸ್ತಕವಾಗಲಿ ಫೋನಾಗಲಿ, ಲೆಕ್ಕ ಇಬ್ಬರ ಕಣ್ಣಿಗೂ ಕಾಣುತ್ತಿರಬೇಕು.

ವಾಯಿದೆ ಇದ್ದರೆ ಕಾನೂನೂ ಇದೆ

ಉದ್ರಿ ಎಷ್ಟು ಹಳೆಯದಾದರೂ ಕೇಳಬಹುದೆಂದು ಬಹಳ ಅಂಗಡಿಯವರು ತಿಳಿದಿದ್ದಾರೆ. 1963ರ ಕಾಲಮಿತಿ ಕಾಯ್ದೆ ಬೇರೆ ಹೇಳುತ್ತದೆ. ವಾಯಿದೆ ಗೊತ್ತುಮಾಡದೆ ಮಾರಿದ ಸಾಮಾನಿನ ರೊಕ್ಕಕ್ಕೆ ಸಾಮಾನು ಕೊಟ್ಟ ದಿನದಿಂದ ಮೂರು ವರ್ಷದೊಳಗೆ ದಾವೆ ಹೂಡಬೇಕು. ವಾಯಿದೆ ಗೊತ್ತುಮಾಡಿದ್ದರೆ ಆ ಮೂರು ವರ್ಷ ಶುರುವಾಗುವುದು ವಾಯಿದೆ ಮುಗಿದ ದಿನದಿಂದ. ಈ ಅವಧಿ ಮುಗಿಯುವ ಮೊದಲು ಗಿರಾಕಿ "ಇಷ್ಟು ಬಾಕಿ ಇದೆ" ಎಂದು ಬರಹದಲ್ಲಿ ಒಪ್ಪಿ ಸಹಿ ಮಾಡಿದರೆ ಮತ್ತೆ ಹೊಸದಾಗಿ ಮೂರು ವರ್ಷ ಸಿಗುತ್ತದೆ. ಬಾಕಿಯಲ್ಲಿ ಒಂದಿಷ್ಟು ಕೊಟ್ಟು, ಕೊಟ್ಟದ್ದಕ್ಕೆ ಸಹಿ ಮಾಡಿದರೂ ಹಾಗೆಯೇ. ವರ್ಷಕ್ಕೊಮ್ಮೆ ಲೆಕ್ಕ ಕೂಡಿಸಿ ಸಹಿ ಹಾಕಿಸುವ ಐದು ನಿಮಿಷದ ಕೆಲಸಕ್ಕೆ ಇಷ್ಟು ಬೆಲೆಯಿದೆ.

ತಕರಾರು ಬಂದರೆ ಕೋರ್ಟು ಕಚೇರಿ ಅಲೆಯುವುದೊಂದೇ ದಾರಿಯಲ್ಲ. 1987ರ ಕಾನೂನು ಸೇವೆಗಳ ಕಾಯ್ದೆಯಡಿ ನಡೆಯುವ ಲೋಕ ಅದಾಲತ್‌ನಲ್ಲಿ ದಾವೆ ಹೂಡುವ ಮೊದಲೇ ರಾಜಿ ಮಾಡಿಕೊಳ್ಳಬಹುದು. ಅದಕ್ಕೆ ಕೋರ್ಟ್ ಶುಲ್ಕವಿಲ್ಲ, ಅಲ್ಲಿ ಆದ ರಾಜಿಯ ಮೇಲೆ ಮೇಲ್ಮನವಿಯೂ ಇಲ್ಲ. ಕಂತಿನಲ್ಲಿ ತೀರಿಸುತ್ತೇನೆ ಎನ್ನುವ ಗಿರಾಕಿಗೂ ಕೊಟ್ಟು ಕಾಯುತ್ತಿರುವ ಅಂಗಡಿಯವನಿಗೂ ಮುಖ ಉಳಿಸುವ ಜಾಗ ಅದು.

ಸಾಮಾನು ತಯಾರಿಸುವವರಿಗೆ ಇನ್ನೂ ಗಟ್ಟಿ ಆಸರೆ ಇದೆ. ಕೃಷಿ ಸಲಕರಣೆ, ಕಬ್ಬಿಣದ ಕೆಲಸ, ಖಾರದ ಪುಡಿ, ರೊಟ್ಟಿ ತಯಾರಿಸಿ ಪಟ್ಟಣದ ದೊಡ್ಡ ಅಂಗಡಿಗೋ ಕಂಪನಿಗೋ ಕೊಡುವವರು ಉದ್ಯಮ್ ನೋಂದಣಿ ಮಾಡಿಸಿಕೊಳ್ಳಬೇಕು. ಅದು ಉಚಿತ. 2006ರ ಸಣ್ಣ ಉದ್ಯಮಗಳ ಕಾಯ್ದೆಯಂತೆ ಕೊಂಡವರು ಒಪ್ಪಿದ ದಿನದೊಳಗೆ, ಹೆಚ್ಚೆಂದರೆ 45 ದಿನದೊಳಗೆ ರೊಕ್ಕ ಕೊಡಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ದೂರನ್ನು ಸರ್ಕಾರದ ಜಾಲತಾಣದಲ್ಲೇ ಕೊಡಬಹುದು. ಆದರೆ ಪಟ್ಟಿ, ಸಾಮಾನು ತಲುಪಿದ್ದಕ್ಕೆ ಸಹಿ ಎರಡೂ ಕೈಯಲ್ಲಿರಬೇಕು. ಬಾಯಿಮಾತಿನ ವ್ಯಾಪಾರಕ್ಕೆ ಈ ಕಾಯ್ದೆಯಿಂದ ಪ್ರಯೋಜನವಿಲ್ಲ.

ದೀಪಾವಳಿಗೊಂದು, ಯುಗಾದಿಗೊಂದು

ಉದ್ರಿ ನಿಲ್ಲಿಸಿ ಎಂದು ನಾನು ಹೇಳುವುದಿಲ್ಲ. ನಿಂತರೆ ಬಿತ್ತನೆಯೇ ನಿಲ್ಲುತ್ತದೆ. "ಇಂದು ರೋಖ, ನಾಳೆ ಉದ್ರಿ" ಎಂಬ ಬೋರ್ಡಿನ ಕೆಳಗೆ ಕುಳಿತೇ ಅಂಗಡಿಯವನು ಉದ್ರಿ ಬರೆಯುತ್ತಾನೆ, ಯಾಕೆಂದರೆ ಎದುರಿಗೆ ನಿಂತವನ ಹೊಲ ಅವನಿಗೆ ಗೊತ್ತು, ಅವನ ತಂದೆಯೂ ಗೊತ್ತು. ಆ ನಂಬಿಕೆ ಉಳಿಯಬೇಕಾದರೆ ವಾಯಿದೆ ಬೆಳೆಗೆ ಹೊಂದಿಕೊಂಡಿರಬೇಕು. "ಸುಗ್ಗಿಗೆ ಕೊಡ್ತೇನಿ" ಎಂಬ ಮಾತಿಗೆ ತಾರೀಖು ಸೇರಲಿ. ಹೆಸರಿನ ರೊಕ್ಕದಿಂದ ದೀಪಾವಳಿಯ ಒಳಗೆ ಒಂದು ಕಂತು, ಮೆಣಸಿನಕಾಯಿ, ಹತ್ತಿ, ಕಡಲೆಯ ರೊಕ್ಕದಿಂದ ಯುಗಾದಿಗೆ ಇನ್ನೊಂದು. ಒಬ್ಬೊಬ್ಬ ಗಿರಾಕಿಗೆ ಇಷ್ಟೇ ಎಂಬ ಮಿತಿಯನ್ನು ಜೂನ್‌ನಲ್ಲೇ ಮುಖ ನೋಡಿ ಹೇಳಿಬಿಡಬೇಕು. ಡಿಸೆಂಬರ್‌ನಲ್ಲಿ ಜಗಳವಾಡುವುದಕ್ಕಿಂತ ಅದು ಎಷ್ಟೋ ಮೇಲು.

ಬೆಳೆ ಹೋದ ವರ್ಷ ವಾಯಿದೆ ತಪ್ಪಬಹುದು, ಅದನ್ನು ಅರಿಯದ ಅಂಗಡಿಯವನು ಈ ಸೀಮೆಯಲ್ಲಿಲ್ಲ. ಅವನಿಗೆ ಸಹಿಸಲಾಗದ್ದು ಗಿರಾಕಿ ಮುಖ ತಪ್ಪಿಸುವುದು. ಕೊಡಲು ಇಲ್ಲದಿದ್ದರೆ ಅಂಗಡಿಗೆ ಹೋಗಿ ಹಾಗೆಂದು ಹೇಳಿ. ಕೈಲಿದ್ದ ಐದುನೂರೋ ಸಾವಿರವೋ ಕೊಟ್ಟು, ಉಳಿದದ್ದಕ್ಕೆ ಹೊಸ ತಾರೀಖು ಬರೆಸಿ, ಸಹಿ ಮಾಡಿ ಬನ್ನಿ.

ದೀಪಾವಳಿಗೆ ಅಂಗಡಿಗಳಲ್ಲಿ ಹೊಸ ಖಾತೆ ಪುಸ್ತಕಕ್ಕೆ ಅರಿಶಿನ ಕುಂಕುಮ ಹಚ್ಚಿ ಪೂಜೆ ಮಾಡುತ್ತಾರೆ. ಆ ಪೂಜೆಗೆ ವಾರ ಮೊದಲೇ ನಿಮ್ಮ ಊರಿನ ಅಂಗಡಿಗೆ ಹೋಗಿ, ಎದುರುಬದುರು ಕುಳಿತು ಹಳೆಯ ಪುಸ್ತಕ ತೆಗೆಸಿ ಲೆಕ್ಕ ಕೂಡಿಸಿಕೊಳ್ಳಿ. ಬರುವ ಮುಂಗಾರಿಗೆ ನಿಮ್ಮ ಹೊಲಕ್ಕೆ ಬೀಜ ಕೊಡಬೇಕಾದವನು ಅವನೇ.