ಕೆರೆಯಂಗಳದ ಕಂಠೀರವ: ಮೈದಾನ ಒಂದು, ಹಕ್ಕುದಾರರು ಹಲವರು

ಚೈತ್ರ ಮಾಸದಲ್ಲಿ ಬೆಂಗಳೂರು ಕರಗಕ್ಕೆ ಮುನ್ನ ಹಸಿ ಕರಗದ ಪೂಜೆ ಸಂಪಂಗಿ ಕೆರೆಯಲ್ಲಿ ನಡೆಯಬೇಕೆಂಬುದು ಸಂಪ್ರದಾಯ. ತಿಗಳರಪೇಟೆಯ ಧರ್ಮರಾಯಸ್ವಾಮಿ ದೇವಸ್ಥಾನದವರು ಇಂದಿಗೂ ಅದನ್ನು ತಪ್ಪಿಸಿಲ್ಲ. ಆದರೆ ಅವರು ಹೋಗಿ ನಿಲ್ಲುವ ಜಾಗದಲ್ಲಿ ಈಗ ಕೆರೆ ಇಲ್ಲ. ಪೂಜೆಯ ಸಲುವಾಗಿ ಉಳಿಸಿಕೊಂಡ ಪುಟ್ಟ ಕೊಳವೊಂದಿದೆ, ಅಷ್ಟೆ. ಅದರ ಪಕ್ಕದಲ್ಲೇ ಶ್ರೀ ಕಂಠೀರವ ಕ್ರೀಡಾಂಗಣ.

ರಾಜ್ಯ ಮಟ್ಟದ ಕೂಟಕ್ಕೆ ಆಯ್ಕೆಯಾದ ನವುಲೆಯ ಅಥವಾ ಭದ್ರಾವತಿಯ ಓಟಗಾರರಿಗೆ 'ಕಂಠೀರವ' ಎಂದರೆ ಒಮ್ಮೆ ಓಡಲೇಬೇಕಾದ ಟ್ರ್ಯಾಕ್. ಫುಟ್‌ಬಾಲ್ ಪ್ರೇಮಿಗೆ ಅದು ಫ್ಲಡ್‌ಲೈಟ್ ಬೆಳಗುವ ಹುಲ್ಲುಗಾವಲು. ರಾಜಕಾರಣಿಗೆ ಅದು ಪ್ರಮಾಣವಚನದ ವೇದಿಕೆ. ಒಂದೇ ಜಾಗಕ್ಕೆ ಇಷ್ಟು ಜನ ಹಕ್ಕುದಾರರು ಹುಟ್ಟಿಕೊಂಡದ್ದು ಹೇಗೆ? ಉತ್ತರ ಹುಡುಕಲು ಕೆರೆಯಿಂದಲೇ ಆರಂಭಿಸಬೇಕು.

ಕೆಂಪೇಗೌಡರ ಕಾಲದ್ದೆಂದು ಹೇಳಲಾಗುವ ಸಂಪಂಗಿ ಕೆರೆ ಹಳೆಯ ಪೇಟೆಯ ಅಂಚಿನಲ್ಲಿತ್ತು. ಸುತ್ತಲಿನ ತೋಟಗಳಲ್ಲಿ ಹೂವು, ತರಕಾರಿ ಬೆಳೆಯುತ್ತಿದ್ದವರಿಗೆ ಅದರ ನೀರೇ ಆಧಾರ. ದನಕರುಗಳು ಅಲ್ಲೇ ನೀರು ಕುಡಿದು ಮೇಯುತ್ತಿದ್ದವು. ಇಟ್ಟಿಗೆ ಮಾಡುವವರಿಗೆ ಕೆರೆಯ ಮಣ್ಣು ಬೇಕಿತ್ತು. 1809ರಲ್ಲಿ ದಂಡುಪ್ರದೇಶ ಸ್ಥಾಪನೆಯಾದ ಮೇಲೆ ಅಲ್ಲಿನವರ ಬೇಡಿಕೆಗಳೂ ಸೇರಿಕೊಂಡವು. ಹತ್ತೊಂಬತ್ತನೇ ಶತಮಾನದ ಕೊನೆಯ ಹೊತ್ತಿಗೆ ಕೆರೆ ಯಾರಿಗೆ ಸೇರಬೇಕೆಂಬ ಜಗಳ ಅರ್ಜಿಗಳ ರೂಪದಲ್ಲಿ ಸರ್ಕಾರದ ಮೇಜು ತಲುಪಿತ್ತು.

1890ರ ದಶಕದಲ್ಲಿ ಹೆಸರಘಟ್ಟದಿಂದ ಕೊಳವೆ ನೀರು ನಗರಕ್ಕೆ ಬಂತು. ಕುಡಿಯುವ ನೀರಿಗೆ ಊರೊಳಗಿನ ಕೆರೆಗಳು ಬೇಡವಾದವು. ಬೇಡವಾದ ಕೆರೆಯ ಕಾಲುವೆ, ಕೋಡಿಗಳನ್ನು ನೋಡಿಕೊಳ್ಳುವವರೂ ಇಲ್ಲವಾದರು. ಸಂಪಂಗಿ ಕೆರೆ ವರ್ಷದಿಂದ ವರ್ಷಕ್ಕೆ ಕುಗ್ಗಿ, 1930ರ ದಶಕದ ಕೊನೆಗೆ ಹೆಚ್ಚುಕಡಿಮೆ ಬರಿದಾಯಿತು. 1946ರಲ್ಲಿ ಅದರ ಅಂಗಳದಲ್ಲಿ ಕ್ರೀಡಾಂಗಣ ತಲೆಯೆತ್ತಿತು. ಇಟ್ಟ ಹೆಸರು ಕಂಠೀರವ. ಅಂದರೆ ಸಿಂಹ, ಮೈಸೂರು ಅರಸು ಮನೆತನದಲ್ಲಿ ನಡೆದುಬಂದ ಹೆಸರು.

ಇದು ಸಂಪಂಗಿ ಕೆರೆಯೊಂದರ ಪಾಡಲ್ಲ. ಅಕ್ಕಿತಿಮ್ಮನಹಳ್ಳಿ ಕೆರೆಯ ಜಾಗದಲ್ಲಿ ಹಾಕಿ ಕ್ರೀಡಾಂಗಣ, ಶೂಲೆ ಕೆರೆಯಲ್ಲಿ ಫುಟ್‌ಬಾಲ್ ಕ್ರೀಡಾಂಗಣ, ಧರ್ಮಾಂಬುಧಿ ಕೆರೆಯಲ್ಲಿ ಕೆಂಪೇಗೌಡ ಬಸ್ ನಿಲ್ದಾಣ ಬಂದವು. ಬೆಳೆಯುವ ನಗರಕ್ಕೆ ಬತ್ತಿದ ಕೆರೆಯಷ್ಟು ಅನುಕೂಲದ ಜಾಗ ಬೇರೆ ಸಿಗದು. ನೆಲ ವಿಶಾಲ, ಪರಿಹಾರ ಕೇಳುವ ಮಾಲೀಕನಿಲ್ಲ.

ಕಂಠೀರವದ ರೂಪ ಪೂರ್ತಿ ಬದಲಾದದ್ದು 1997ರಲ್ಲಿ. ಆ ವರ್ಷದ ರಾಷ್ಟ್ರೀಯ ಕ್ರೀಡಾಕೂಟದ ಆತಿಥ್ಯ ಕರ್ನಾಟಕಕ್ಕೆ ಸಿಕ್ಕಿತು. ಸ್ಪರ್ಧೆಗಳು ಬೆಂಗಳೂರು ಮತ್ತು ಮೈಸೂರಿನಲ್ಲಿ ನಡೆದವು. ಪದಕಪಟ್ಟಿಯಲ್ಲಿ ಆತಿಥೇಯರೇ ಮೊದಲಿಗರಾದರು. ಕೂಟಕ್ಕಾಗಿ ಹಳೆಯ ಮೈದಾನದ ಸುತ್ತ ಹೊಸ ಗ್ಯಾಲರಿಗಳೆದ್ದವು, ಸಿಂಥೆಟಿಕ್ ಟ್ರ್ಯಾಕ್ ಹಾಸಲಾಯಿತು. ಇಂದು ಇಲ್ಲಿ ಸುಮಾರು 25 ಸಾವಿರ ಜನ ಕೂರಬಹುದು. ಪಕ್ಕದ ಒಳಾಂಗಣ ಕ್ರೀಡಾಂಗಣ ಬ್ಯಾಸ್ಕೆಟ್‌ಬಾಲ್, ಕಬಡ್ಡಿಗಳಿಗೆ ನೆಲೆಯಾಯಿತು.

ಹೀಗೆ ಕಂಠೀರವ ನಿಜವಾದ ಅರ್ಥದಲ್ಲಿ ಬಹುಕ್ರೀಡಾ ಕ್ರೀಡಾಂಗಣವಾಯಿತು. ತೊಂದರೆಯೂ ಅಲ್ಲೇ ಇದೆ. ಇದು ಆಡಳಿತದ ತೊಡಕಿಗಿಂತ ಮೊದಲು ಅಳತೆಯ ತೊಡಕು. ಅಂತರರಾಷ್ಟ್ರೀಯ ಮಾದರಿಯ 400 ಮೀಟರ್ ಟ್ರ್ಯಾಕಿನ ಒಳಗಿನ ಅಗಲ 73 ಮೀಟರ್. ಫುಟ್‌ಬಾಲ್ ಅಂಕಣದ ಅಗಲ 68 ಮೀಟರ್, ಉದ್ದ 105 ಮೀಟರ್. ಎರಡು ಬದಿಗಳಲ್ಲಿ ಉಳಿಯುವುದು ತಲಾ ಎರಡೂವರೆ ಮೀಟರ್ ಮಾತ್ರ. ಟ್ರ್ಯಾಕ್ ಬಾಗುವ ಕಡೆ, ಅಂಕಣದ ಮೂಲೆ ಟ್ರ್ಯಾಕಿಗೆ ಬರೀ ಒಂದು ಮೀಟರ್ ಹತ್ತಿರ ಬರುತ್ತದೆ. ಕಾರ್ನರ್ ಕಿಕ್ ಹೊಡೆಯುವ ಆಟಗಾರ ನಾಲ್ಕು ಹೆಜ್ಜೆ ಹಿಂದೆ ಸರಿದರೆ ಅವನ ಮೊಳೆ ಬೂಟು ಟ್ರ್ಯಾಕಿನ ಮೇಲಿರುತ್ತದೆ. ಇತ್ತ ಜಾವೆಲಿನ್, ಹ್ಯಾಮರ್ ಬಂದು ನೆಲ ಕೀಳುವುದು ಅದೇ ಫುಟ್‌ಬಾಲ್ ಹುಲ್ಲಿನ ಮೇಲೆ. ಒಬ್ಬರ ಅಭ್ಯಾಸ ಇನ್ನೊಬ್ಬರ ನೆಲಕ್ಕೆ ಪೆಟ್ಟು.

2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿ ತಂಡ ಮುಂದೆ ಕಂಠೀರವವನ್ನು ತವರು ಅಂಗಳ ಮಾಡಿಕೊಂಡ ಮೇಲೆ ಈ ತಿಕ್ಕಾಟ ಜೋರಾಯಿತು. 2016ರ ಅಕ್ಟೋಬರ್ 19ರಂದು ಮಲೇಷ್ಯಾದ ಜೋಹರ್ ತಂಡವನ್ನು ಇಲ್ಲೇ 3-1ರಿಂದ ಸೋಲಿಸಿ, ಎಎಫ್‌ಸಿ ಕಪ್ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಎನಿಸಿತು. ಗ್ಯಾಲರಿ ಕುಣಿಯಿತು. ಆದರೆ ಪಂದ್ಯದ ದಿನಗಳಲ್ಲಿ ಅಭ್ಯಾಸಕ್ಕೆ ಅವಕಾಶವಿಲ್ಲವೆಂದು ಅಥ್ಲೀಟ್‌ಗಳೂ ತರಬೇತುದಾರರೂ ದೂರಿದರು. ವಿವಾದ ಹೈಕೋರ್ಟಿನವರೆಗೂ ಹೋಯಿತು. ಎರಡೂ ಕಡೆ ನ್ಯಾಯವಿತ್ತು ಎಂಬುದೇ ಇದರ ಕಷ್ಟ.

ಕ್ರೀಡೆಗೆ ಸಂಬಂಧಿಸದ ದಿನಗಳೂ ಕಂಠೀರವಕ್ಕಿವೆ. 2006ರ ಏಪ್ರಿಲ್‌ನಲ್ಲಿ ಡಾ. ರಾಜಕುಮಾರ್ ಅವರ, 2021ರ ಅಕ್ಟೋಬರ್‌ನಲ್ಲಿ ಪುನೀತ್ ರಾಜಕುಮಾರ್ ಅವರ ಅಂತಿಮ ದರ್ಶನಕ್ಕೆ ನಾಡು ಇಲ್ಲಿಗೇ ಹರಿದುಬಂತು. 2013 ಮತ್ತು 2023ರಲ್ಲಿ ಸಿದ್ದರಾಮಯ್ಯ ಮುಖ್ಯಮಂತ್ರಿಯಾಗಿ ಪ್ರಮಾಣವಚನ ಸ್ವೀಕರಿಸಿದ್ದೂ ಇಲ್ಲೇ. ಊರ ನಡುವೆ ಇಷ್ಟು ಜನ ಸೇರಬಲ್ಲ ಬಯಲು ಮತ್ತೆಲ್ಲಿದೆ?

ಹೊಂದಿಕೊಂಡು ಬಾಳಬಹುದೆಂಬುದಕ್ಕೂ ಕಂಠೀರವದಲ್ಲಿ ಸಾಕ್ಷಿಯಿದೆ. 2023ರ ಜುಲೈ 4ರಂದು ಭಾರತದ ಫುಟ್‌ಬಾಲ್ ತಂಡ ಪೆನಾಲ್ಟಿಯಲ್ಲಿ ಕುವೈತನ್ನು ಮಣಿಸಿ ಸ್ಯಾಫ್ ಕಪ್ ಗೆದ್ದದ್ದು ಈ ಹುಲ್ಲಿನ ಮೇಲೆ. ಸರಿಯಾಗಿ ಎರಡು ವರ್ಷ ಒಂದು ದಿನದ ನಂತರ, 2025ರ ಜುಲೈ 5ರಂದು, ನೀರಜ್ ಚೋಪ್ರಾ ತಮ್ಮ ಹೆಸರಿನ ಕೂಟದಲ್ಲಿ 86.18 ಮೀಟರ್ ದೂರ ಜಾವೆಲಿನ್ ಎಸೆದು ಗೆದ್ದದ್ದೂ ಇಲ್ಲೇ.

ದೊಡ್ಡ ದಿನಗಳಿಗೆ ಏರ್ಪಾಡು ಹೇಗೂ ಆಗುತ್ತದೆ. ಪ್ರಶ್ನೆ ಇರುವುದು ಉಳಿದ ದಿನಗಳದ್ದು. ಬೆಳಗಿನ ಜಾವ ಸ್ಪೈಕ್ಸ್ ಹಿಡಿದು ಬರುವ ಹುಡುಗಿಗೆ ಗೇಟು ತೆರೆದಿರುತ್ತದೆಯೆ ಎಂಬುದರ ಮೇಲೆ ಕ್ರೀಡಾಂಗಣದ ಬೆಲೆ ನಿಂತಿದೆ. ಗ್ಯಾಲರಿ ಕಟ್ಟಲು ಹಣ ಸಾಕು. ಹಂಚಿಕೊಂಡು ಬಳಸಲು ಎಲ್ಲರೂ ಒಪ್ಪಿದ ವೇಳಾಪಟ್ಟಿ ಬೇಕು, ಅದನ್ನು ನಡೆಸುವ ದೃಢತೆ ಬೇಕು. ತೋಟಗಾರರು, ದನಗಾಹಿಗಳು, ಇಟ್ಟಿಗೆಯವರು ಎಳೆದಾಡಿದ ಕೆರೆಯನ್ನು ಕೊನೆಗೆ ನೋಡಿಕೊಳ್ಳುವವರೇ ಇಲ್ಲವಾದರು. ಆ ಕೆರೆಯ ಗುರುತಾಗಿ ಉಳಿದಿರುವುದು ವರ್ಷಕ್ಕೊಮ್ಮೆ ಪೂಜೆ ಕಾಣುವ ಕೊಳ ಮಾತ್ರ.