ನೀರು ಬದಲಾಗಿ ಬಂದ ಜ್ವರವಲ್ಲ

ಒಂದೆರಡು ವರ್ಷ ಸ್ವಯಂಸೇವಕರಾಗಿ ದುಡಿಯಲು ಉಗಾಂಡಾಕ್ಕೆ ಹೋದವರಿಗೆ ಮೊದಲ ಕೆಲವು ವಾರ ಸರಿಯಾಗಿ ನಿದ್ರೆ ಬಾರದಿರಬಹುದು. ಬಾಳೆಕಾಯಿ ಬೇಯಿಸಿ ಮಾಡುವ ಅಲ್ಲಿನ ಮತೋಕೆ ರುಚಿಸದಿರಬಹುದು. ಮನೆಯ ನೆನಪು ಕಾಡಬಹುದು. ಇವೆಲ್ಲ ಸಹಜ, ದಿನಚರಿ ಒಗ್ಗಿದಂತೆ ಕಡಿಮೆಯಾಗುತ್ತವೆ. ಆದರೆ ಜ್ವರ ಬಂದರೆ ‘ನೀರು ಬದಲಾಯಿತು, ಅದಕ್ಕೇ’ ಎಂದು ಸುಮ್ಮನಿರಬೇಡಿ.

ಅಲ್ಲಿ ಹೆಚ್ಚಾಗಿರುವುದು ಫಾಲ್ಸಿಪಾರಂ ಮಲೇರಿಯಾ. ಸೊಳ್ಳೆ ಕಚ್ಚಿದ ಸುಮಾರು 7 ದಿನಗಳ ನಂತರ ಯಾವಾಗಲಾದರೂ ಕಾಣಿಸಬಹುದು. ಚಿಕಿತ್ಸೆ 24 ಗಂಟೆ ತಡವಾದರೂ ಪ್ರಾಣಕ್ಕೇ ಅಪಾಯವಾದೀತು. ಚಿಕ್ಕಂದಿನಲ್ಲಿ ಊರಿನಲ್ಲಿ ಮಲೇರಿಯಾ ಬಂದಿತ್ತೆಂಬುದು ಈಗ ರಕ್ಷಣೆಯಲ್ಲ. ಜ್ವರ ಬಂದ ದಿನವೇ ರಕ್ತಪರೀಕ್ಷೆ ಮಾಡಿಸಿ. ವೈದ್ಯರು ಬರೆದುಕೊಟ್ಟ ತಡೆಮಾತ್ರೆಗಳನ್ನು ತಪ್ಪಿಸಬೇಡಿ. ಕೀಟನಾಶಕ ಲೇಪಿಸಿದ ಸೊಳ್ಳೆಪರದೆಯೊಳಗೇ ಮಲಗಿ.

ಹೊರಡುವುದಕ್ಕೆ ಕನಿಷ್ಠ 10 ದಿನ ಮುಂಚೆ ಹಳದಿ ಜ್ವರದ ಲಸಿಕೆ ಹಾಕಿಸಿಕೊಳ್ಳಬೇಕು. 2016ರಿಂದ ಇದರ ಪ್ರಮಾಣಪತ್ರ ಜೀವನಪೂರ್ತಿ ಸಲ್ಲುತ್ತದೆ. ಅದಿಲ್ಲದೆ ಮರಳಿದರೆ ನಮ್ಮ ವಿಮಾನ ನಿಲ್ದಾಣದಲ್ಲೇ ತಡೆದು 6 ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು.

ಹಿಂತಿರುಗಿದ ಮೇಲೂ ಕೆಲವು ತಿಂಗಳು ಎಚ್ಚರ ಬೇಕು. ಜ್ವರ ಬಂದರೆ ಉಗಾಂಡಾದಲ್ಲಿದ್ದ ವಿಷಯವನ್ನೇ ವೈದ್ಯರಿಗೆ ಮೊದಲು ತಿಳಿಸಿ.

ತಂದೆತಾಯಿಗಳಿಗೂ ಒಂದು ಮಾತು: ಅಲ್ಲಿಂದ ಮಗಳು ಫೋನಿನಲ್ಲಿ ಜ್ವರವೆಂದರೆ ಕಷಾಯ ಹೇಳಿಕೊಡುವ ಮೊದಲು ‘ರಕ್ತಪರೀಕ್ಷೆ ಆಯಿತೆ?’ ಎಂದು ಕೇಳಿ.