ತೈಲ ಕಂಪೆನಿಯ ದಾಖಲೆ: ಒಂದು ಕಾಗದ ಕಣ್ಣಿಗೆ ಬೀಳದಿದ್ದರೆ ಏನಾಗುತ್ತದೆ?

ಗಲ್ಫ್‌ನ ತೈಲ ಕಂಪೆನಿಯಲ್ಲಿ ಕೆಲಸ ಎಂದರೆ ಕಾಸರಗೋಡಿನಿಂದ ಉಡುಪಿವರೆಗಿನ ಮನೆಗಳಲ್ಲಿ ತಟ್ಟನೆ ನೆನಪಾಗುವುದು ರಿಗ್, ಪೈಪ್‌ಲೈನ್, ಹೆಲ್ಮೆಟ್ ಮತ್ತು ಸುಡುಬಿಸಿಲು. ಅದೇ ಕಂಪೆನಿಯಲ್ಲಿ ‘ಡಾಕ್ಯುಮೆಂಟ್ ಕಂಟ್ರೋಲರ್’ ಎಂಬ ಹುದ್ದೆಯೂ ಇರುತ್ತದೆ. “ಓ, ಫೈಲ್ ಜೋಡಿಸುವ ಕೆಲಸವಾ?” ಎಂದು ಹಗುರವಾಗಿ ಕೇಳುವವರೇ ಹೆಚ್ಚು. ಆ ಕೆಲಸದ ತೂಕ ತಿಳಿಯಬೇಕಾದರೆ 1988ರ ಒಂದು ರಾತ್ರಿಯ ಕಥೆ ಕೇಳಬೇಕು.

ಪೈಪರ್ ಆಲ್ಫಾ ದುರಂತ

1988ರ ಜುಲೈ 6. ಸ್ಕಾಟ್ಲೆಂಡ್ ಸಮೀಪದ ಉತ್ತರ ಸಮುದ್ರದಲ್ಲಿದ್ದ ಪೈಪರ್ ಆಲ್ಫಾ ಪ್ಲಾಟ್‌ಫಾರ್ಮ್. ಹಗಲು ಪಾಳಿಯವರು ಒಂದು ಪಂಪ್‌ನ ಸೇಫ್ಟಿ ವಾಲ್ವ್ ಬಿಚ್ಚಿ ಪರಿಶೀಲನೆಗೆ ಒಯ್ದಿದ್ದರು. ಸಂಜೆಯೊಳಗೆ ಕೆಲಸ ಮುಗಿಯಲಿಲ್ಲ. ತೆರೆದ ಪೈಪಿಗೆ ತಾತ್ಕಾಲಿಕ ಮುಚ್ಚಳ ಹಾಕಿ, ವರ್ಕ್ ಪರ್ಮಿಟ್ ಒಪ್ಪಿಸಿ ಹೋದರು.

ರಾತ್ರಿ ಇನ್ನೊಂದು ಪಂಪ್ ನಿಂತುಹೋಯಿತು. ರಾತ್ರಿ ಪಾಳಿಯವರು ಮೊದಲ ಪಂಪ್‌ನ ದುರಸ್ತಿ ಪರ್ಮಿಟ್ ನೋಡಿದರು. ಆ ಕೆಲಸ ಇನ್ನೂ ಶುರುವಾಗಿರಲಿಲ್ಲ. ವಾಲ್ವ್ ಬಿಚ್ಚಿದ್ದಕ್ಕೆ ಬೇರೆಯೇ ಪರ್ಮಿಟ್ ಇತ್ತು. ಅದು ಅವರ ಕಣ್ಣಿಗೆ ಬೀಳಲೇ ಇಲ್ಲ. ಪಂಪ್ ಚಾಲೂ ಮಾಡಲು ಹೊರಟರು. ಮುಚ್ಚಳದಿಂದ ಅನಿಲ ಸೋರಿ ಸ್ಫೋಟವಾಯಿತು. 167 ಮಂದಿ ಪ್ರಾಣ ಕಳೆದುಕೊಂಡರು. ತನಿಖೆ ನಡೆಸಿದ ಲಾರ್ಡ್ ಕಲೆನ್ 1990ರ ವರದಿಯಲ್ಲಿ 106 ಶಿಫಾರಸುಗಳನ್ನು ಮಾಡಿದರು.

ಅಂದು ಮಾಹಿತಿ ಇರಲಿಲ್ಲ ಎಂದಲ್ಲ. ಇತ್ತು. ಬೇಕಾದವರ ಕೈಗೆ ಬೇಕಾದ ಹೊತ್ತಿಗೆ ಸಿಗಲಿಲ್ಲ, ಅಷ್ಟೇ.

ಏನೇನು ದಾಖಲೆ?

ನೆಲದಡಿಯ ಪದರಗಳನ್ನು ಕಂಪನದ ಅಲೆಗಳಿಂದ ಅಳೆಯುವ ಸೀಸ್ಮಿಕ್ ಸರ್ವೆ, ಬಾವಿ ಕೊರೆಯುವಾಗ ಸಿಗುವ ವೆಲ್ ಲಾಗ್, ಪೈಪ್ ಮತ್ತು ವಾಲ್ವ್‌ಗಳ ಡ್ರಾಯಿಂಗ್, ಯಂತ್ರಗಳ ದುರಸ್ತಿ ಚರಿತ್ರೆ, ಪರ್ಮಿಟ್, ಗುತ್ತಿಗೆ ಪತ್ರ – ಎಲ್ಲವೂ ಕಂಪೆನಿಯ ಡಾಟಾ. ಒಂದು ತೈಲ ನಿಕ್ಷೇಪ ದಶಕಗಟ್ಟಲೆ ನಡೆಯುತ್ತದೆ. ತಂದೆಯ ಕಾಲದ ಸರ್ವೆಯನ್ನು ಮಗನ ಕಾಲದ ಸಾಫ್ಟ್‌ವೇರ್ ಮತ್ತೆ ಓದಿ ಹೊಸ ವಿಷಯ ಹೇಳಬಹುದು. ಆದರೆ ಹಳೇ ಟೇಪ್ ಓದುವ ಯಂತ್ರವೇ ಇಲ್ಲದಿದ್ದರೆ ಅದು ಬರೀ ಪ್ಲಾಸ್ಟಿಕ್. ಹಾಗಾಗಿ ಕಾಲಕಾಲಕ್ಕೆ ಹೊಸ ಮಾಧ್ಯಮಕ್ಕೆ ನಕಲು ಮಾಡುತ್ತಲೇ ಇರಬೇಕು.

ಇನ್ನು ಅಂಕಿಯ ಅರ್ಥ. ಬಾವಿಯ ಆಳ ‘2500’ ಎಂದು ಬರೆದಿದ್ದರೆ ಸಾಕೇ? ಅಡಿಯೋ, ಮೀಟರೋ? ರಿಗ್‌ನ ನೆಲದಿಂದ ಅಳೆದದ್ದೋ, ಸಮುದ್ರ ಮಟ್ಟದಿಂದಲೋ? ಇದು ಬರೆಯದಿದ್ದರೆ ಆ ಅಂಕಿ ನಂಬಿ ಕೊರೆಯುವವರು ದಾರಿ ತಪ್ಪುತ್ತಾರೆ. ಒಂದೇ ಬಾವಿಗೆ ಎರಡು ವಿಭಾಗದವರು ಎರಡು ಹೆಸರು ಕೊಟ್ಟರೂ ಇದೇ ಗೊಂದಲ.

ಕಂಪ್ಯೂಟರ್ ಬಂದ ಮೇಲೆ

ಎಲ್ಲವೂ ಕಂಪ್ಯೂಟರಿಗೆ ಹೋದ ಮೇಲೆ ಬೇರೆ ಭಯ ಶುರುವಾಯಿತು. 2012ರ ಆಗಸ್ಟ್ 15ರಂದು, ರಮಝಾನ್ ತಿಂಗಳ ಕೊನೆಯ ದಿನಗಳಲ್ಲಿ, ಕಚೇರಿಗಳಲ್ಲಿ ಜನ ಕಡಿಮೆ ಇದ್ದ ಹೊತ್ತಿನಲ್ಲಿ ‘ಶಮೂನ್’ ಎಂಬ ವೈರಸ್ ಸೌದಿ ಅರಾಮ್ಕೋದ ಸುಮಾರು 30,000 ಕಂಪ್ಯೂಟರ್‌ಗಳ ಮಾಹಿತಿ ಅಳಿಸಿಹಾಕಿತು. ತೈಲ ಉತ್ಪಾದನೆ ನಿಲ್ಲಲಿಲ್ಲ. ಏಕೆಂದರೆ ಆ ವ್ಯವಸ್ಥೆ ಕಚೇರಿಯ ನೆಟ್‌ವರ್ಕ್‌ನಿಂದ ಪ್ರತ್ಯೇಕವಾಗಿತ್ತು. ಎಲ್ಲ ಬಾಗಿಲಿಗೂ ಒಂದೇ ಕೀಲಿ ಇಡಬಾರದು ಎಂಬ ಪಾಠ ಅಲ್ಲಿದೆ.

ಯುವಕರು ಗಮನಿಸಬೇಕಾದದ್ದು

ಈ ಕ್ಷೇತ್ರಕ್ಕೆ ಹೋಗಬಯಸುವವರು ಸಾಫ್ಟ್‌ವೇರ್ ಕಲಿತರೆ ಒಳ್ಳೆಯದೇ. ಅದಕ್ಕಿಂತ ಮೊದಲು ಕೆಲವು ಅಭ್ಯಾಸ ಬೇಕು. ಡ್ರಾಯಿಂಗ್ ಕೈಗೆ ಬಂದರೆ ಅದರ ರಿವಿಷನ್ ನಂಬರ್ ನೋಡಬೇಕು. ಹೊಸದು ಬಂದ ಕೂಡಲೇ ಹಳೆಯದನ್ನು ಸೈಟ್‌ನಿಂದ ಹಿಂದಕ್ಕೆ ತರಿಸಬೇಕು. ಅಳತೆಯ ಜೊತೆ ಮಾನ ಬರೆಯಬೇಕು. ಕಂಪೆನಿಯ ಫೈಲನ್ನು ಸ್ವಂತ ಪೆನ್‌ಡ್ರೈವ್‌ಗೆ, ವಾಟ್ಸ್‌ಆ್ಯಪ್‌ಗೆ ಹಾಕಬಾರದು; ಕೆಲಸ ಹೋಗುವುದಲ್ಲದೆ ಕೇಸೂ ಆದೀತು. ಪಾಳಿ ಮುಗಿಸಿ ರೂಮಿಗೆ ಹೊರಡುವ ಮುಂಚೆ, ಅರ್ಧಕ್ಕೆ ನಿಂತ ಕೆಲಸ ಯಾವುದು ಎಂದು ಮುಂದಿನವರಿಗೆ ಬರೆದೂ ಕೊಡಬೇಕು, ಬಾಯಲ್ಲೂ ಹೇಳಬೇಕು.

ಫೈಲ್ ಜೋಡಿಸುವ ಕೆಲಸ ಹೌದು. ಆದರೆ ಆ ಫೈಲನ್ನು ನಂಬಿಕೊಂಡು ಇನ್ಯಾರೋ ವಾಲ್ವ್ ತಿರುಗಿಸುತ್ತಿರುತ್ತಾರೆ.